ಸಿಟ್ಟಿನ ಪಕ್ಷಗಳು, ದೊಡ್ಡ ಪಕ್ಷಗಳು ಮತ್ತು ಕಾಗೋಡಿನ ಕೊಳಗ

(ಶಿವಮೊಗ್ಗದ ಒಂದು ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ. ಹೇಳಿದ್ದನ್ನೇ ಮತ್ತೆ ಹೇಳಿದ್ದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಯುರೋಪಿನಲ್ಲಿ ಏಳುತ್ತಿರುವ ಪ್ರತಿಭಟನೆಯ ಪಕ್ಷಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಮಾತಾಡುತ್ತೇನೆ. ಆದರೆ ನಾನು ಲಂಡನ್ನಿಗೆ ಸಾಗರದ ಮೇಲೆ ಹೋಗುವವನು. ಸಾಗರ ಅಂದರೆ ನಮ್ಮ ಸಾಗರ, ಜೋಗದ ದಾರಿಯದು. ಅಲ್ಲಿ ಮೊದಲು ಇಳಿಯೋಣ.

ಈ ಪಕ್ಷಗಳ ಮಾತು ಎಲ್ಲ ದೇಶದಲ್ಲೂ ಹೆಚ್ಚುಕಡಿಮೆ ಒಂದೇ. ನಾವು ಜನ, ಅವರು ಮೇಲಿನವರು. ಮೇಲಿನವರೆಲ್ಲ ಒಳಗೊಳಗೇ ಒಂದು, ಬಾವುಟ ಮಾತ್ರ ಬೇರೆ. ಇದರಲ್ಲಿ ಅರ್ಧ ಸತ್ಯ ಇರುತ್ತದೆ, ಅದಕ್ಕೇ ಓಟು ಬೀಳುತ್ತದೆ. ಇನ್ನರ್ಧ ತೊಂದರೆಯದು. ‘ನಾವು ಮಾತ್ರ ಜನ, ನಮ್ಮನ್ನು ಒಪ್ಪದವರು ಜನರೇ ಅಲ್ಲ’ ಅನ್ನುವ ಕಡೆಗೆ ಅದು ಜಾರುತ್ತದೆ. ನನಗೆ ಇವತ್ತು ಮುಖ್ಯವಾದದ್ದು ಬೇರೆ ಪ್ರಶ್ನೆ. ಇಂಥ ಸಿಟ್ಟು ಎದ್ದಾಗ ಅಧಿಕಾರದಲ್ಲಿರುವ ದೊಡ್ಡ ಪಕ್ಷ ಏನು ಮಾಡುತ್ತದೆ? ಅದರಿಂದ ಏನನ್ನು ತೆಗೆದುಕೊಳ್ಳುತ್ತದೆ?

1951ಕ್ಕೆ ಹೋಗೋಣ. ಸಾಗರದ ಹತ್ತಿರದ ಕಾಗೋಡು. ಗೇಣಿಗೆ ಉಳುತ್ತಿದ್ದವರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಗೇಣಿ ಕೊಡುವುದು ಭತ್ತದಲ್ಲಿ, ಭತ್ತ ಅಳೆಯುವುದು ಕೊಳಗದಲ್ಲಿ. 20 ಕೊಳಗ ಸೇರಿದರೆ ಒಂದು ಖಂಡುಗ. ಇಷ್ಟು ಖಂಡುಗ ಗೇಣಿ ಅಂತ ಮೊದಲೇ ಮಾತಾಗಿರುತ್ತಿತ್ತು. ಆ ಮಾತಿಗೆ ಯಾರೂ ತಪ್ಪುತ್ತಿರಲಿಲ್ಲ. ತಪ್ಪಿದ್ದು ಅಳತೆ. ಗೇಣಿ ಅಳೆಯಲು ಬಳಸುವ ಕೊಳಗದ ಹೊಟ್ಟೆ ದೊಡ್ಡದಿತ್ತು.

ಸುಮ್ನೆ ಲೆಕ್ಕ ಹಾಕಿ ನೋಡಿ. ಕೊಳಗಕ್ಕೆ ಅರ್ಧ ಸೇರು ಜಾಸ್ತಿ ಹಿಡಿಯಿತು ಅಂದುಕೊಳ್ಳಿ. ಖಂಡುಗಕ್ಕೆ 10 ಸೇರು ಹೋಯಿತು. ಹತ್ತು ಖಂಡುಗ ಗೇಣಿಯ ಮನೆಯಿಂದ 100 ಸೇರು. ಕಾಗದದಲ್ಲಿ, ಬಾಯಿಮಾತಿನಲ್ಲಿ, ಎಲ್ಲೂ ಗೇಣಿ ಏರಿಲ್ಲ. ಆದರೆ ಮಳೆಗಾಲಕ್ಕೆ ಮೊದಲೇ ಮನೆಯ ಪಣತ, ಅಂದರೆ ಭತ್ತದ ಕಣಜ, ಖಾಲಿ. ಇದನ್ನು ಹೋಗಿ ಹೇಳುವುದು ಯಾರ ಹತ್ತಿರ? ಕೊಳಗ ಸರಿ ಇದೆಯಾ ಅಂತ ನೋಡುವ ಕಚೇರಿ ಆ ಗೇಣಿದಾರನ ಪಾಲಿಗೆ ಇರಲೇ ಇಲ್ಲ. ನನ್ನ ಪ್ರಕಾರ ಪ್ರತಿಭಟನೆಯ ಪಕ್ಷ ಹುಟ್ಟುವುದು ಬಡತನದಿಂದಲ್ಲ. ಕಣ್ಣೆದುರೇ ಅಳತೆ ತಪ್ಪುತ್ತಿದೆ, ಹೇಳಿಕೊಳ್ಳಲು ಜಾಗ ಇಲ್ಲ ಅನ್ನುವಾಗ ಅದು ಹುಟ್ಟುತ್ತದೆ.

ಎಚ್. ಗಣಪತಿಯಪ್ಪ ಈ ರೈತರನ್ನು ಒಟ್ಟು ಮಾಡಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಗದ್ದೆಗೆ ಇಳಿಯಬೇಡಿ ಅಂದ ಕಡೆಯೇ ನೇಗಿಲು ಹಿಡಿದು ಇಳಿಯುವುದು, ಪೊಲೀಸರು ಹಿಡಿದರೆ ಜೈಲಿಗೆ ಹೋಗುವುದು, ಮಾರನೇ ದಿನ ಇನ್ನೊಂದು ತಂಡ ಇಳಿಯುವುದು. ಸಮಾಜವಾದಿ ಪಕ್ಷ ಜೊತೆಗೆ ನಿಂತಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ಮರುವರ್ಷ ಮೊದಲ ಮಹಾಚುನಾವಣೆ. ಸಾಗರ-ಹೊಸನಗರದಿಂದ ಶಾಂತವೇರಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಆಗ ಅವರಿಗಿನ್ನೂ 30 ತುಂಬಿರಲಿಲ್ಲ.

ಈಗ ದೊಡ್ಡ ಪಕ್ಷದ ಕಡೆ ನೋಡಿ. ಮೊದಲ ಉತ್ತರ ಪೊಲೀಸು. ಎರಡನೇ ಉತ್ತರ ಕಾನೂನು, ಆದರೆ ನಿಧಾನವಾಗಿ, ಸಂದಿಗಳನ್ನು ಬಿಟ್ಟುಕೊಂಡು. ಈ ಎರಡನೇ ಉತ್ತರದ ಹಿಂದೆ ಇದ್ದವರೂ ಮಲೆನಾಡಿನವರೇ, ತೀರ್ಥಹಳ್ಳಿ ಕಡೆಯ ಕಡಿದಾಳ್ ಮಂಜಪ್ಪ. ಕಾಂಗ್ರೆಸ್ಸಿನ ಕಂದಾಯ ಮಂತ್ರಿ, 1956ರಲ್ಲಿ ಸ್ವಲ್ಪ ದಿನ ಮುಖ್ಯಮಂತ್ರಿ. 1961ರ ಭೂಸುಧಾರಣೆ ಕಾಯ್ದೆಗೆ ದಾರಿ ಮಾಡಿದವರಲ್ಲಿ ಅವರು ಮುಖ್ಯರು. ಬೀದಿಯಲ್ಲಿ ಕೂಗಿದ ಗೋಪಾಲಗೌಡರೂ ಇಲ್ಲಿಯವರು, ಕಚೇರಿಯಲ್ಲಿ ಕಾಯ್ದೆ ಬರೆಸಿದವರೂ ಇಲ್ಲಿಯವರು. ನಾವು ಮೊದಲನೆಯವರ ಫೋಟೋ ಮಾತ್ರ ಇಟ್ಟುಕೊಂಡಿದ್ದೇವೆ. ಅದು ಅಷ್ಟು ಸರಿಯಲ್ಲ ಅನ್ನಿಸುತ್ತದೆ ನನಗೆ.

ಆ ಕಾಯ್ದೆ ಜಾರಿಗೆ ಬಂದದ್ದು 1965ರಲ್ಲಿ. ನಿಜವಾದ ಉತ್ತರ ಬಂದದ್ದು ದೇವರಾಜ ಅರಸರ ಕಾಲಕ್ಕೆ, 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಲ್ಲಿ. ಗೇಣಿ ಪದ್ಧತಿಯೇ ರದ್ದು. ‘ಉಳುವವನೇ ಹೊಲದೊಡೆಯ’ ಅನ್ನುವ ಘೋಷಣೆ ನಮಗೆಲ್ಲ ಗೊತ್ತು. ಘೋಷಣೆಗಿಂತ ನನಗೆ ಇಷ್ಟವಾಗುವುದು ಅದರ ಕೆಳಗಿದ್ದ ಫಾರಂ ನಂಬರ್ 7. ಗೇಣಿದಾರ ಆ ಅರ್ಜಿ ತುಂಬಬೇಕು: ಯಾವ ಸರ್ವೆ ನಂಬರ್, ಎಷ್ಟು ಎಕರೆ ಎಷ್ಟು ಗುಂಟೆ, ಒಡೆಯ ಯಾರು. ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜೊತೆಗೆ ಸರ್ಕಾರಿ ಅಧಿಕಾರಿಗಳಲ್ಲದ ಸದಸ್ಯರು. ಅಲ್ಲಿ ವಕೀಲರು ವಾದ ಮಾಡುವಂತಿರಲಿಲ್ಲ. ಇದು ಸಣ್ಣ ವಿಷಯ ಅಲ್ಲ. ಸಾಹುಕಾರ ಬೆಂಗಳೂರಿನ ವಕೀಲರನ್ನು ಕರೆಸಬಹುದು, ಗೇಣಿದಾರ ಕರೆಸಲಾರ. ಆ ಕಾಯ್ದೆ ಬರೆದವರಿಗೆ ಅಳತೆ ಎಲ್ಲಿ ತಪ್ಪುತ್ತದೆ ಅಂತ ಗೊತ್ತಿತ್ತು. ಅರ್ಜಿ ಹಾಕುವ ಅವಧಿಯನ್ನು ಕೊನೆಗೆ 1979ರ ಜೂನ್‌ವರೆಗೆ ವಿಸ್ತರಿಸಿದರು.

ಎಲ್ಲ ಚೆನ್ನಾಯಿತು ಅಂತ ನಾನು ಹೇಳುತ್ತಿಲ್ಲ. ಕೂಲಿ ಮಾಡುತ್ತಿದ್ದವನಿಗೆ ಗೇಣಿ ಇರಲಿಲ್ಲ, ಅವನಿಗೆ ಭೂಮಿಯೂ ಸಿಗಲಿಲ್ಲ. ಎರಡು ಎಕರೆ ಗೇಣಿಗೆ ಕೊಟ್ಟು ಅದರಲ್ಲೇ ಬದುಕುತ್ತಿದ್ದ ವಿಧವೆಯರ ಜಮೀನೂ ಹೋಯಿತು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಆ ನೋವು ಇನ್ನೂ ಇದೆ. ಆದರೆ ಒಂದನ್ನು ಗಮನಿಸಿ. ಅರಸರು ಸಮಾಜವಾದಿಗಳ ಟೋಪಿ ಹಾಕಿಕೊಳ್ಳಲಿಲ್ಲ, ಅವರ ಬೇಡಿಕೆಯನ್ನೇ ತೆಗೆದುಕೊಂಡರು. ಗೋಪಾಲಗೌಡರು ಅದನ್ನು ನೋಡಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು. ಸಮಾಜವಾದಿ ಪಕ್ಷವೂ ಉಳಿಯಲಿಲ್ಲ. ಅಲ್ಲಿಂದ ಬಂದ ಬಂಗಾರಪ್ಪ ಮುಖ್ಯಮಂತ್ರಿಯಾದರು, ಕಾಂಗ್ರೆಸ್ಸಿನಿಂದ. ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾದರು, ಜನತಾದಳದಿಂದ. ಕಾಗೋಡು ತಿಮ್ಮಪ್ಪ ಸ್ಪೀಕರ್ ಆದರು, ಕಂದಾಯ ಮಂತ್ರಿಯಾದರು. ಪಕ್ಷ ಸೋತಿತು ಅಂತ ಹೇಳಬೇಕಾ, ಗೆದ್ದಿತು ಅಂತ ಹೇಳಬೇಕಾ? ಸ್ಥಾನಗಳ ಲೆಕ್ಕದಲ್ಲಿ ಸೋತಿತು. ಕೊಳಗದ ಲೆಕ್ಕದಲ್ಲಿ ಗೆದ್ದಿತು. ನಾನು ಎರಡನೇ ಲೆಕ್ಕದವನು.

ಈಗ ಎರಡನೇ ಕತೆ. ಇದೂ ನಮ್ಮ ಜಿಲ್ಲೆಯದೇ. 1980ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಅದರ ಬೇರು ಶಿವಮೊಗ್ಗದ ಕಬ್ಬು ಬೆಳೆಗಾರರ ಹೋರಾಟದಲ್ಲಿತ್ತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಇಲ್ಲಿಯವರು. ಎಂ.ಡಿ. ನಂಜುಂಡಸ್ವಾಮಿ ಅದಕ್ಕೆ ದೊಡ್ಡ ದನಿ ಕೊಟ್ಟರು. ಅದೇ ವರ್ಷ ಜುಲೈ 21ಕ್ಕೆ ನರಗುಂದ, ನವಲಗುಂದದಲ್ಲಿ ಗೋಲಿಬಾರ್. ಗುಂಡೂರಾವ್ ಸರ್ಕಾರದ ಉತ್ತರ ಅದು. 1983ರ ಜನವರಿಯಲ್ಲಿ ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ರೈತರ ಸಿಟ್ಟು ಅದಕ್ಕೆ ಒಂದು ಕಾರಣ.

ಆ ಕಾಲದ ರೈತ ಸಂಘವನ್ನು ನೋಡದ ಹುಡುಗರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೆ ಹೇಳುತ್ತೇನೆ. ಸಾಲ ಬಾಕಿ ಅಂತ ಜೀಪಿನಲ್ಲಿ ಬಂದು ರೈತನ ಮನೆಯ ಪಾತ್ರೆ, ಬಾಗಿಲು ಕಿತ್ತುಕೊಂಡು ಹೋಗುತ್ತಿದ್ದರು. ಅದು ಜಪ್ತಿ. ಸಂಘದವರು ಹಸಿರು ಶಾಲು ಹೊದ್ದು ಗುಂಪಾಗಿ ಹೋಗಿ ಆ ಸಾಮಾನನ್ನು ವಾಪಸ್ ತರುತ್ತಿದ್ದರು. ಅದು ಮರುಜಪ್ತಿ. ಊರ ಬಾಗಿಲಲ್ಲಿ ಬೋರ್ಡು: ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು. ಬಾಗಿಲು ಕಳಕೊಂಡ ಮನೆಗೆ ಬಾಗಿಲು ವಾಪಸ್ ಬಂದರೆ ಆ ಮನೆಯವನು ನಾಳೆಯಿಂದ ತಹಶೀಲ್ದಾರನ ಎದುರು ನಿಲ್ಲುವ ರೀತಿಯೇ ಬೇರೆ ಅಲ್ವಾ? ಸಂಘದ ದೊಡ್ಡ ಸಾಧನೆ ಆ ನಿಲುವು ಅಂತ ನಾನು ಅಂದುಕೊಂಡಿದ್ದೇನೆ. ರಾಮಕೃಷ್ಣ ಹೆಗಡೆ ಸರ್ಕಾರ ಗೋಲಿಬಾರಿಗಿಂತ ಜಾಣ ಉತ್ತರವನ್ನೂ ಕೊಟ್ಟಿತು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ತಂದಿತು, 1987ರಲ್ಲಿ ಚುನಾವಣೆ ಮಾಡಿ ಮಹಿಳೆಯರಿಗೆ ಶೇ 25 ಮೀಸಲಾತಿ ಕೊಟ್ಟಿತು. ದೂರು ಹೇಳುವ ಕಚೇರಿಯನ್ನು ಊರ ಹತ್ತಿರ ತಂದಿತು ಅಂದರೆ ಸಾಕು.

ಸಂಘ ಚುನಾವಣೆಗೆ ಇಳಿದ ಮೇಲೆ ಕತೆ ಬೇರೆಯಾಯಿತು. 1989ರಲ್ಲಿ ಗೆದ್ದದ್ದು 2 ಕ್ಷೇತ್ರ, ಎರಡನ್ನೂ ಗೆದ್ದವರು ಒಬ್ಬರೇ, ಬಾಬಾಗೌಡ ಪಾಟೀಲರು. ಅವರು ಬಿಟ್ಟ ಕ್ಷೇತ್ರದಿಂದ ನಂಜುಂಡಸ್ವಾಮಿ ಗೆದ್ದು ಬಂದರು. ಬಾಬಾಗೌಡರು ಮುಂದೆ ಬಿಜೆಪಿಗೆ ಹೋಗಿ 1998ರಲ್ಲಿ ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯಾದರು. ದೊಡ್ಡ ಪಕ್ಷ ಇಲ್ಲಿ ತೆಗೆದುಕೊಂಡದ್ದು ಮನುಷ್ಯನನ್ನು.

ಆಮೇಲೆ ಶಾಲನ್ನೂ ತೆಗೆದುಕೊಂಡಿತು. ನಮ್ಮ ಶಿಕಾರಿಪುರದ ಯಡಿಯೂರಪ್ಪನವರು ಹಸಿರು ಶಾಲು ಹೊದ್ದು ರೈತರ ಹೆಸರಿನಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ನಿಮಗೆ ನೆನಪಿದೆ. ಅವರು ಹೋರಾಟದಿಂದಲೇ ಮೇಲೆ ಬಂದವರು, ಅದನ್ನು ಯಾರೂ ಅಲ್ಲಗಳೆಯಲಾರರು. 2011ರಲ್ಲಿ ಪ್ರತ್ಯೇಕ ಕೃಷಿ ಬಜೆಟ್ ಮಂಡಿಸಿದರು. ಒಳ್ಳೆಯ ಕೆಲಸವೇ. ಆದರೆ 2008ರ ಜೂನ್‌ನಲ್ಲಿ, ಪ್ರಮಾಣವಚನದ ಶಾಲಿನ ಮಡಿಕೆ ಬಿಚ್ಚುವ ಮೊದಲೇ, ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು. 2020ರಲ್ಲಿ ಅವರದೇ ಸರ್ಕಾರ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿತು. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳುವುದಕ್ಕೆ ಇದ್ದ ತಡೆ ಹೋಯಿತು. ತೆಗೆದದ್ದು ಸರಿ ಅನ್ನುವ ರೈತರೂ ಇದ್ದಾರೆ, ಮಾರುವವನಿಗೆ ಒಳ್ಳೆ ಬೆಲೆ ಬರುತ್ತದೆ ಅನ್ನುತ್ತಾರೆ. ವಾದ ಇರಲಿ. ರೈತ ಸಂಘಗಳು ಬೀದಿಗಿಳಿದು ಬೇಡ ಅಂದದ್ದನ್ನು ಹಸಿರು ಶಾಲಿನ ಸರ್ಕಾರವೇ ಮಾಡಿತು. ಶಾಲು ಬಂದರೆ ಬೇಡಿಕೆಯೂ ಬಂತು ಅಂತ ಅಲ್ಲ. ಗೋಲಿಬಾರಿನ ಲೆಕ್ಕ ತೆಗೆದರೆ ಕಾಂಗ್ರೆಸ್ಸಿಗೂ ಬಿಜೆಪಿಗೂ ಇಲ್ಲಿ ಹೆಚ್ಚು ಅಂತರ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ.

(ಇಲ್ಲಿ ಕರೆಂಟ್ ಹೋಯಿತು. ಮೈಕ್ ಇಲ್ಲದೆ ಮುಂದುವರಿಸಿದೆ. ಹಿಂದಿನ ಸಾಲಿನವರು ಮುಂದೆ ಬಂದು ಕೂತರು. ಸಭೆಗೆ ಅದು ಒಳ್ಳೆಯದೇ ಆಯಿತು.)

ಸರಿ, ಈಗ ಲಂಡನ್.

ಯುಕೆಐಪಿ ಅನ್ನುವ ಪಕ್ಷ ಹುಟ್ಟಿದ್ದು 1993ರಲ್ಲಿ. ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬರಬೇಕು ಅನ್ನುವುದೇ ಅದರ ಕೆಲಸ. ಬಹಳ ವರ್ಷ ದೊಡ್ಡ ಪಕ್ಷಗಳು ಅದನ್ನು ಗೇಲಿ ಮಾಡಿದವು. ಕನ್ಸರ್ವೇಟಿವ್ ಪಕ್ಷದ ನಾಯಕ ಡೇವಿಡ್ ಕ್ಯಾಮರೂನ್ 2006ರಲ್ಲಿ ಅವರನ್ನು ತಲೆಕೆಟ್ಟವರು ಅನ್ನುವ ಅರ್ಥದಲ್ಲೇ ಮಾತಾಡಿದ್ದರು. 2013ರ ಜನವರಿಯಲ್ಲಿ ಅದೇ ಕ್ಯಾಮರೂನ್, ಈಗ ಪ್ರಧಾನಿ, ಜನಮತಗಣನೆ ಮಾಡುತ್ತೇನೆ ಅಂತ ಮಾತು ಕೊಟ್ಟರು. ತನ್ನ ಪಕ್ಷದವರೂ ಆ ಕಡೆ ವಾಲುತ್ತಿದ್ದರು, ಅವರನ್ನು ಹಿಡಿದಿಡಬೇಕಿತ್ತು. 2014ರ ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ಯುಕೆಐಪಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಬಂತು. 2015ರ ಸಂಸತ್ ಚುನಾವಣೆಯಲ್ಲಿ 38 ಲಕ್ಷಕ್ಕೂ ಹೆಚ್ಚು ಓಟು ಪಡೆಯಿತು. ಗೆದ್ದ ಸ್ಥಾನ ಎಷ್ಟು? ಒಂದು. ಓಟು ದೇಶದ ತುಂಬ ಚೆದುರಿತ್ತು. 2016ರ ಜೂನ್ 23ಕ್ಕೆ ಜನಮತಗಣನೆ ನಡೆಯಿತು, ಶೇ 51.9 ಮಂದಿ ಹೊರಗೆ ಬರೋಣ ಅಂದರು. ಮಾರನೇ ದಿನವೇ ಕ್ಯಾಮರೂನ್ ರಾಜೀನಾಮೆ ಘೋಷಿಸಿದರು. ಮರುವರ್ಷ ಯುಕೆಐಪಿ ಶೇ 2ಕ್ಕಿಂತ ಕೆಳಗೆ ಬಿತ್ತು.

ಇಲ್ಲಿಗೆ ನಿಲ್ಲಿಸಿದರೆ ನಮ್ಮ ಸಮಾಜವಾದಿಗಳ ಕತೆಯೇ ಅಲ್ವಾ? ಬೇಡಿಕೆ ಗೆದ್ದಿತು, ಪಕ್ಷ ಕರಗಿತು. ಆದರೆ ಕತೆ ಅಲ್ಲಿ ನಿಲ್ಲಲಿಲ್ಲ. ಯುಕೆಐಪಿಯ ನಾಯಕರಾಗಿದ್ದ ನೈಜೆಲ್ ಫರಾಜ್ ಬ್ರೆಕ್ಸಿಟ್ ಪಾರ್ಟಿ ಅಂತ ಬಂದರು, ಆಮೇಲೆ ರಿಫಾರ್ಮ್ ಯುಕೆ ಅಂತ ಬಂದರು. 2024ರಲ್ಲಿ ಶೇ 14.3 ಓಟು, 5 ಸ್ಥಾನ. ಕನ್ಸರ್ವೇಟಿವ್ ಪಕ್ಷ 121ಕ್ಕೆ ಇಳಿಯಿತು, ಅದರ ಇತಿಹಾಸದಲ್ಲೇ ಅತಿ ಕಡಿಮೆ. 2025ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ರಿಫಾರ್ಮ್ ಎಲ್ಲರಿಗಿಂತ ಹೆಚ್ಚು ಸ್ಥಾನ ಗೆದ್ದಿತು.

ಯಾಕೆ ಹೀಗಾಯಿತು? ರೆಡ್‌ಕಾರ್ ಅಂತ ಒಂದು ಊರಿದೆ, ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ. ಉಕ್ಕಿನ ಊರು. ಕಾರ್ಖಾನೆ 2015ರಲ್ಲಿ ಮುಚ್ಚಿತು. ಮರುವರ್ಷ ಆ ಪ್ರದೇಶದ ಶೇ 66 ಓಟು ಯುರೋಪ್ ಬೇಡ ಅನ್ನುವ ಕಡೆ ಬಿತ್ತು. ಭದ್ರಾವತಿಯವರು ಇಲ್ಲಿ ಕೂತಿದ್ದೀರಿ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ರೆಡ್‌ಕಾರ್‌ನವನ ದೂರು ಒಲೆ ಆರಿದ್ದರ ಬಗ್ಗೆ. ಅವನಿಗೆ ಸಿಕ್ಕಿದ ಉತ್ತರ ಯುರೋಪಿಯನ್ ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್ ಬಗ್ಗೆ. ಕ್ಯಾಮರೂನ್ ತೆಗೆದುಕೊಂಡದ್ದು ಘೋಷಣೆಯನ್ನು, ದೂರನ್ನಲ್ಲ. ದೂರು ಹಾಗೇ ಉಳಿಯಿತು, ಇನ್ನೊಂದು ಹೆಸರಿನಲ್ಲಿ ಮತ್ತೆ ಬಂತು.

ಭದ್ರಾವತಿಯಲ್ಲಿ ಹಾಗೆ ಒಂದು ಸಿಟ್ಟಿನ ಪಕ್ಷ ಯಾಕೆ ಏಳಲಿಲ್ಲ? 1923ರಲ್ಲಿ ಶುರುವಾದ ಕಬ್ಬಿಣ-ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್, ಅದರ ಪಕ್ಕ ಕಾಗದದ ಕಾರ್ಖಾನೆ ಎಂಪಿಎಂ, ಎರಡರ ಗತಿಯೂ ಕಣ್ಣೆದುರೇ ಇದೆ. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಆ ಟೆಂಟಿಗೆ ಎಲ್ಲ ಪಕ್ಷದವರೂ ಬಂದು ಹೋದರು, ಎಲ್ಲರೂ ಉಳಿಸುತ್ತೇವೆ ಅಂದರು. ಎಲ್ಲರೂ ಬೆಂಬಲ ಕೊಟ್ಟ ಮೇಲೆ ಯಾರ ಮೇಲೆ ಸಿಟ್ಟಾಗುವುದು? ನಮ್ಮಲ್ಲಿ ದೊಡ್ಡ ಪಕ್ಷಗಳು ಸಿಟ್ಟನ್ನು ಎದುರಿಸುವುದಿಲ್ಲ, ಬಂದು ಅದರ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳುತ್ತವೆ. ಇದೊಂದು ಕಲೆ. ಯುರೋಪಿನವರಿಗೆ ಇನ್ನೂ ಬಂದಿಲ್ಲ.

ಉಳಿದ ದೇಶಗಳನ್ನು ಬೇಗ ಮುಗಿಸುತ್ತೇನೆ. ಡೆನ್ಮಾರ್ಕಿನಲ್ಲಿ ವಲಸಿಗರ ವಿರೋಧದ ಪಕ್ಷ 2015ರಲ್ಲಿ ಶೇ 21 ಓಟು ಪಡೆದಿತ್ತು. ಸೋಷಿಯಲ್ ಡೆಮಾಕ್ರಟರು ವಲಸೆಯ ವಿಷಯದಲ್ಲಿ ತಾವೇ ಬಿಗಿಯಾದರು. 2019ರಲ್ಲಿ ಆ ಪಕ್ಷ ಶೇ 9ರ ಒಳಗೆ ಬಂತು. ಇದನ್ನು ಜಾಣ ನಡೆ ಅಂತ ಹೊಗಳುವವರಿದ್ದಾರೆ. ಪಕ್ಷ ಸಣ್ಣದಾಯಿತು, ಅದರ ಮಾತು ಸರ್ಕಾರದ ಮಾತಾಯಿತು. ಅದು ಗೆಲುವು ಹೌದೋ ಅಲ್ಲವೋ ಅನ್ನುವುದನ್ನು ಅಲ್ಲಿನ ವಲಸಿಗರನ್ನು ಕೇಳಬೇಕು. ಜರ್ಮನಿಯಲ್ಲಿ ಬೇರೆ ದಾರಿ. ವಲಸೆ ವಿರೋಧದ ಬಲಪಂಥೀಯ ಪಕ್ಷ ಎಎಫ್‌ಡಿ ಜೊತೆ ಸರ್ಕಾರ ಮಾಡುವುದಿಲ್ಲ ಅಂತ ಉಳಿದವರೆಲ್ಲ ಗೋಡೆ ಕಟ್ಟಿಕೊಂಡರು. ಗೋಡೆ ನಿಂತಿದೆ, ಆದರೆ 2025ರ ಫೆಬ್ರುವರಿಯಲ್ಲಿ ಎಎಫ್‌ಡಿ ಶೇ 20.8 ಪಡೆಯಿತು. ಗ್ರೀಸಿನಲ್ಲಿ ಪಾಸೊಕ್ ಅನ್ನುವ ದೊಡ್ಡ ಪಕ್ಷ 2009ರಲ್ಲಿ ಶೇ 44ರ ಹತ್ತಿರ ಇದ್ದದ್ದು 2015ರ ಜನವರಿಗೆ ಶೇ 5ರ ಕೆಳಗೆ ಬಂತು. ಸಾಲ ಕೊಟ್ಟವರ ಮಾತು ಕೇಳಿ ಪಿಂಚಣಿ ಕಡಿದದ್ದಕ್ಕೆ ಜನ ಕೊಟ್ಟ ಉತ್ತರ.

ನಮ್ಮ ದೇಶದ ಈಚಿನ ಉದಾಹರಣೆ ಆಮ್ ಆದ್ಮಿ ಪಕ್ಷ. 2012ರ ನವೆಂಬರ್‌ನಲ್ಲಿ ಹುಟ್ಟಿ 2015ಕ್ಕೆ ದೆಹಲಿಯ 70ರಲ್ಲಿ 67 ಗೆದ್ದಿತು. 2025ರಲ್ಲಿ 22ಕ್ಕೆ ಇಳಿದು ಅಧಿಕಾರ ಕಳಕೊಂಡಿತು. ಕರ್ನಾಟಕದಲ್ಲಿ 2023ರಲ್ಲಿ ಒಂದು ಸ್ಥಾನವೂ ಬರಲಿಲ್ಲ. ಆದರೆ ದೆಹಲಿಯಲ್ಲಿ ಅವರು 2019ರಲ್ಲಿ ತಂದ 200 ಯೂನಿಟ್ ಉಚಿತ ವಿದ್ಯುತ್ತಿನಂಥದ್ದೇ ಇನ್ನೊಂದು, ಗೃಹಜ್ಯೋತಿ ಅನ್ನುವ ಹೆಸರಿನಲ್ಲಿ, ಈಗ ನಿಮ್ಮ ಮನೆಯ ಮೆಸ್ಕಾಂ ಬಿಲ್ಲಿನಲ್ಲಿದೆ.

ಮಲೆನಾಡಿನಲ್ಲಿ ಈಗ ಸಿಟ್ಟು ಎಲ್ಲಿದೆ ಅಂತ ಕೇಳಿದರೆ, ಪಕ್ಷದ ರೂಪದಲ್ಲಿ ಇಲ್ಲ, ಫ್ಲೆಕ್ಸಿನ ರೂಪದಲ್ಲಿದೆ. ಚುನಾವಣೆ ಬಂದಾಗ ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಹಳ್ಳಿಗಳ ಕಡೆ ಹೋಗಿ ನೋಡಿ. ಎರಡು ಅಡಿಕೆ ದಬ್ಬೆಗೆ ಕಟ್ಟಿದ ಬ್ಯಾನರ್: ‘ಮತದಾನ ಬಹಿಷ್ಕಾರ’. ಕೆಳಗೆ ಕಾರಣ. ರಸ್ತೆ ಇಲ್ಲ, ಕಾಲುಸಂಕ ಇಲ್ಲ, ನೆಟ್‌ವರ್ಕ್ ಇಲ್ಲ. ಅದರ ಕೆಳಗೆ ‘ಸಮಸ್ತ ಗ್ರಾಮಸ್ಥರು’. ಯಾರ ಫೋಟೋವೂ ಇಲ್ಲ, ಫೋಟೋ ಇಲ್ಲದ ಫ್ಲೆಕ್ಸು ನಮ್ಮಲ್ಲಿ ಅದೊಂದೇ. ಆಮೇಲೆ ತಹಶೀಲ್ದಾರರ ಜೀಪು ಬರುತ್ತದೆ, ಭರವಸೆ ಸಿಗುತ್ತದೆ, ಫ್ಲೆಕ್ಸು ಇಳಿಯುತ್ತದೆ, ಅದೇ ಫ್ಲೆಕ್ಸು ಮಳೆಗಾಲಕ್ಕೆ ಸೌದೆ ಕೊಟ್ಟಿಗೆಯ ಮರೆಗೆ ಆಗುತ್ತದೆ. ಇದನ್ನು ನೋಡಿ ನಗಬೇಡಿ. ಸಣ್ಣ ಊರು ತನ್ನ ಅಳತೆಯಲ್ಲಿ ಮಾಡುವ ರಾಜಕೀಯ ಅದು. ಅಲ್ಲಿ ಬರೆದ ಮೂರು ಸಾಲು ಎಷ್ಟೋ ಪ್ರಣಾಳಿಕೆಗಿಂತ ಸ್ಪಷ್ಟ.

ಇಷ್ಟು ನನ್ನ ಮಾತು. ಇನ್ನು ಪ್ರಶ್ನೆಗಳು.

ಕಾಲೇಜಿನ ಒಬ್ಬ ಹುಡುಗಿ ಕೇಳಿದಳು: ಗ್ಯಾರಂಟಿಗಳೂ ಜನರನ್ನು ಮರುಳು ಮಾಡುವ ರಾಜಕೀಯವೇ ಅಲ್ವಾ? ಯುವನಿಧಿ ಶುರುವಾದದ್ದೇ ನಮ್ಮೂರಲ್ಲಿ, 2024ರ ಜನವರಿ 12ಕ್ಕೆ.

ನಾನು ಹೇಳಿದ್ದು: ದುಡ್ಡು ಕೊಟ್ಟ ಮಾತ್ರಕ್ಕೆ ಮರುಳು ಅಂತ ನಾನು ಅನ್ನುವುದಿಲ್ಲ. ಶಕ್ತಿ ಯೋಜನೆಯ ಬಸ್ಸಿನಲ್ಲಿ ಆನಂದಪುರದಿಂದ ಮೆಗ್ಗಾನ್ ಆಸ್ಪತ್ರೆಗೆ ಬರುವ ಹೆಂಗಸಿಗೆ ಅದು ನಿಜವಾದ ಉಳಿತಾಯ. ನೋಡಬೇಕಾದ್ದು ಬೇರೆ. ದೂರು ಏನಿತ್ತು, ಉತ್ತರ ಅದಕ್ಕೇ ಕೊಟ್ಟದ್ದಾ? ಓದಿದವನಿಗೆ ಕೆಲಸ ಇಲ್ಲ ಅನ್ನುವುದು ದೂರು. ಪದವೀಧರನಿಗೆ ತಿಂಗಳಿಗೆ 3,000, ಅದೂ 2 ವರ್ಷ, ಅದು ಉತ್ತರ. ಕೊಟ್ಟದ್ದು ತಪ್ಪಲ್ಲ. ಆದರೆ ದೂರು ಅಲ್ಲೇ ಕೂತಿದೆ. ಮೂರನೇ ವರ್ಷ ಅದು ಯಾವ ಪಕ್ಷದ ಬಾಗಿಲು ತಟ್ಟುತ್ತದೋ ನೋಡಬೇಕು.

ಹಿಂದಿನಿಂದ ಎದ್ದು ಬಂದ ಹಿರಿಯರೊಬ್ಬರು ಶರಾವತಿ ಮುಳುಗಡೆ ಕುಟುಂಬದವರು. 1964ರಲ್ಲಿ ಲಿಂಗನಮಕ್ಕಿ ಆಯಿತು, ನಮಗೆ ಇನ್ನೂ ಹಕ್ಕುಪತ್ರದ್ದೇ ಜಗಳ, ಎಲ್ಲ ಪಕ್ಷದವರೂ ನಮ್ಮ ಹೆಸರಲ್ಲಿ ಪಾದಯಾತ್ರೆ ಮಾಡಿದ್ದಾರೆ, ನಮಗೇ ಅಂತ ಒಂದು ಪಕ್ಷ ಯಾಕೆ ಏಳಲಿಲ್ಲ ಅಂತ ಕೇಳಿದರು.

ಇದಕ್ಕೆ ಉತ್ತರ ಯುಕೆಐಪಿಯ 38 ಲಕ್ಷ ಓಟಿನಲ್ಲಿದೆ ಅಂದೆ. ಕಾಗೋಡಿನ ಗೇಣಿದಾರರು ಒಂದೇ ಕಡೆ ಇದ್ದರು, ಒಂದೇ ಕ್ಷೇತ್ರದಲ್ಲಿ ಓಟು ಹಾಕಿದರು. ಮುಳುಗಡೆಯವರನ್ನು ಲಾರಿಗಳಲ್ಲಿ ತಂದು ಶಿವಮೊಗ್ಗ, ಹೊಸನಗರ, ಸೊರಬ, ಶಿಕಾರಿಪುರದ ಕಾಡಂಚಿಗೆ ಹಂಚಿಬಿಟ್ಟರು. ಯಾವ ಕ್ಷೇತ್ರದಲ್ಲೂ ಸೋಲು-ಗೆಲುವು ತೀರ್ಮಾನಿಸುವಷ್ಟು ಇಲ್ಲ. ಮೇಲಾಗಿ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೆಂಗಳೂರು ದೆಹಲಿ ಕಡೆ ಕೈ ತೋರಿಸುತ್ತದೆ, ದೆಹಲಿ ಕೋರ್ಟಿನ ಕಡೆ ಕೈ ತೋರಿಸುತ್ತದೆ. ಸಿಟ್ಟಾಗಲು ಒಂದು ಮುಖವೇ ಸಿಗುವುದಿಲ್ಲ.

‘ಹಾಗಾದರೆ ನಾವು ಮಾಡುವುದೇನು?’

ಪಟ್ಟಿ ಮಾಡಿ ಅಂದೆ. ತಾಲ್ಲೂಕುವಾರು, ಸರ್ವೆ ನಂಬರ್ ಸಮೇತ. ಯಾವ ಮನೆ, ಎಲ್ಲಿಂದ ಬಂದದ್ದು, ಈಗ ಎಷ್ಟು ಗುಂಟೆಯಲ್ಲಿದೆ, ಕಡತ ಯಾವ ಕಚೇರಿಯಲ್ಲಿ ಕೂತಿದೆ.

‘ಪಟ್ಟಿ ಮಾಡಿದರೆ ಓಟು ಒಂದಾಗುತ್ತಾ ಸ್ವಾಮಿ?’

ಆಗಲಿಕ್ಕಿಲ್ಲ. ಆದರೆ ಮುಂದಿನ ಸಲ ನಾಲ್ಕೂ ತಾಲ್ಲೂಕಿನ ಎಲ್ಲ ಅಭ್ಯರ್ಥಿಗಳ ಕೈಗೆ ಒಂದೇ ದಿನ ಒಂದೇ ಪಟ್ಟಿ ಕೊಡಬಹುದು. ಇದರಲ್ಲಿ ಯಾವ ನಂಬರ್ ಯಾವ ತಿಂಗಳಲ್ಲಿ ಮುಗಿಸುತ್ತೀರಿ ಅಂತ ಕೇಳಬಹುದು. ಬರೆದು ಸಹಿ ಹಾಕಿ ಕೊಡಿ ಅನ್ನಬಹುದು.